ಎರಡು ಸಹಿಯ ಗುಡ್ಡ

ಬುಕೆನೆ,
6 ಮಾರ್ಚ್ 2004

ಅದಕ್ಕೇ ನಾನು ಹೇಳಿದ್ದು, ಗುಡ್ಡ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು. ಎಂಟು ವರ್ಷದಿಂದ ನಿಂತಲ್ಲೇ ನಿಂತಿದೆ. ಓಡಾಡುತ್ತಿರುವವರು ವಕೀಲರು ಮಾತ್ರ.

ಕಂಪನಿಯ ಸುತ್ತೋಲೆ ನಿನಗೂ ಬಂದಿರಬೇಕು ಕೊಂಡೋ. ಓದಿರಲಾರೆ. ತೆಂಗಿನಹಾಲಿನ ಅನ್ನ ಉಂಡ ಮೇಲೆ ಕರಾವಳಿಯವರು ಏನನ್ನೂ ಓದುವುದಿಲ್ಲವೆಂಬುದು ತಬೋರಾದ ರೈಲ್ವೆ ಕಾಲೇಜಿನಲ್ಲೇ ನನಗೆ ಗೊತ್ತಾಗಿತ್ತು. ಪಕ್ಕದ ಮಂಚದಲ್ಲಿ ನಿನ್ನ ಗೊರಕೆ, ಈ ಕಡೆ ನನ್ನ ವ್ಯಾಕರಣ. ಆ ವ್ಯಾಕರಣವೂ ಈಗ ಎಲ್ಲಿದೆಯೋ! ನನ್ನ ಇಂಗ್ಲಿಷ್ ಹಳೆಯ ಗೂಡ್ಸ್ ಗಾಡಿಯ ಹಾಗಾಗಿದೆ. ಎಂಜಿನ್ನು ಮುಂದೆ ಬಂದುಬಿಡುತ್ತದೆ, ಅರ್ಥದ ಡಬ್ಬಿಗಳು ಹಿಂದೆ ಯಾವುದೋ ನಿಲ್ದಾಣದಲ್ಲಿ ಕಳಚಿಕೊಂಡು ಉಳಿದಿರುತ್ತವೆ. ಪ್ರತಿ ಪುಟದ ತಲೆಯ ಮೇಲೂ 'ವಿದೌಟ್ ಪ್ರೆಜುಡಿಸ್' ಎಂದು ಅಚ್ಚಾಗಿದೆ. ಪ್ರೆಜುಡಿಸ್ ಎಂದರೆ ಪೂರ್ವಗ್ರಹ ಎಂದು ಮೇಷ್ಟರು ಹೇಳಿಕೊಟ್ಟ ನೆನಪು. ಹಣದ ಕಾಗದದಲ್ಲಿ ಪೂರ್ವಗ್ರಹಕ್ಕೆ ಏನು ಕೆಲಸವೋ ಕಾಣೆ. ಮಧ್ಯಾಹ್ನವೆಲ್ಲ ಅದೊಂದನ್ನೇ ಯೋಚಿಸುತ್ತಾ ಒಲೆಯ ಮೇಲಿನ ಉಗಾಲಿ ಮುದ್ದೆ ತಳ ಹಿಡಿಸಿದೆ.

ಸಾರಾಂಶ ಹೇಳುತ್ತೇನೆ, ಎದ್ದು ಕೂತು ಕೇಳು. ಕಿಸುಂಡ ಗುಡ್ಡ ತನ್ನದೆಂದು ನಮ್ಮ ಕಂಪನಿಯ ಮೇಲೆ ಲಂಡನ್ನಿನಲ್ಲಿ ದಾವೆ ಹೂಡಿತ್ತಲ್ಲ ಆ ಹೊರದೇಶದ ಕಂಪನಿ, ಅದು ಈಗ ರಾಜಿಗೆ ಬಂದಿದೆ. ಸಣ್ಣ ಷೇರುದಾರರಿಂದ ಎಲ್ಲ ಷೇರುಗಳನ್ನೂ ತಾನೇ ಕೊಳ್ಳುತ್ತದಂತೆ. ನಾವು ಹಾಕಿದ್ದಕ್ಕಿಂತ ಸ್ವಲ್ಪ ಹೆಚ್ಚು ಕೊಡುತ್ತದೆ. ಜೂನ್ ಮೂವತ್ತರೊಳಗೆ ಮುಕ್ಕಾಲು ಪಾಲು ಷೇರುದಾರರು ಸಹಿ ಮಾಡಿದರೆ ಹಣ ಕೈಗೆ, ಆಮೇಲೆ ಚಿನ್ನದ ಅಗೆತ ಶುರು. ಅಷ್ಟು ಸಹಿ ಬೀಳದಿದ್ದರೆ ರಾಜಿ ಮುರಿಯಿತು. ಯಾರಿಗೂ ಕಾಸಿಲ್ಲ, ಮೊಕದ್ದಮೆ ಮೊದಲಿನಂತೆ ನಡೆಯುತ್ತದೆ, ಗುಡ್ಡ ಮೊದಲಿನಂತೆ ನಿಲ್ಲುತ್ತದೆ.

ನಮ್ಮದು ಜಂಟಿ ಷೇರು. ಒಂದು ಕಂತೆಗಿಂತ ಕಡಿಮೆ ಮಾರುವುದಿಲ್ಲವೆಂದಾಗ ನಿನ್ನ ನಿವೃತ್ತಿ ಹಣ ಅರ್ಧ, ನನ್ನದು ಅರ್ಧ ಸೇರಿಸಿ ಇಬ್ಬರ ಹೆಸರಿನಲ್ಲೂ ಕೊಂಡೆವಲ್ಲ, ಈಗ ಮಾರಲು ಇಬ್ಬರ ಸಹಿಯೂ ಬೇಕು. ನನ್ನ ಅಭಿಪ್ರಾಯ ಕೇಳಿದರೆ, ಬೇಡ. ಬೆಲೆ ಕಡಿಮೆ. ಇಷ್ಟು ವರ್ಷ ಕಾದವರು ಇನ್ನೂ ಸ್ವಲ್ಪ ಕಾಯಬಹುದು. ಇಲ್ಲಿನ ನಿವೃತ್ತ ರೈಲ್ವೆಯವರೆಲ್ಲ ನನ್ನ ಮುಖ ನೋಡುತ್ತಿದ್ದಾರೆ, ಇಂಗ್ಲಿಷ್ ಓದುವವನು ನಾನೇ ಎಂದು. ಮುಂದಿನ ತಿಂಗಳು ನ್ಜೆಗಾದಲ್ಲಿ ಸಭೆಯಿದೆ.

ಸಂಜೆ ಎಂದಿನಂತೆ ಗುಡ್ಡದ ಕಡೆ ಹೋಗಿದ್ದೆ. ಹುಣಿಸೆಮರದ ಕೆಳಗೆ ನನ್ನ ನ್ಯಾಮಿಝಿಯ ಸಮಾಧಿಯ ಮೇಲೆ ಬಿದ್ದಿದ್ದ ಎಲೆ ಗುಡಿಸಿ ಸ್ವಲ್ಪ ಹೊತ್ತು ಕೂತೆ. ಆ ಷೇರು ಪತ್ರವನ್ನು ನಾವು ಮೊದಲು ಮನೆಗೆ ತಂದ ದಿನ ಅವಳು ಹೇಳಿದ್ದು ನಿನಗೆ ನೆನಪಿದೆಯೋ ಇಲ್ಲವೋ. "ನಮ್ಮಪ್ಪನ ಗುಡ್ಡಾನ ನೀವಿಬ್ರೂ ಕಾಸು ಕೊಟ್ಟು ಕೊಂಡ್ರಾ? ನನ್ನ ಕೇಳಿದ್ರೆ ಪುಕ್ಕಟೆ ಕೊಡ್ತಿದ್ನಲ್ರೋ!" ನಿನ್ನನ್ನು ಏಡಿ ಎನ್ನುತ್ತಿದ್ದಳು, ಯಾವಾಗಲೂ ಅಡ್ಡಡ್ಡ ನಡೆಯುತ್ತೀಯೆಂದು.

ಬರೆ. ಬೈಯಲಾದರೂ ಬರೆ.

ನಿನ್ನ ಯಜಮಾನ,
ಯೋನಾ ಲುಹೆಂದೆ


ಕಿಸರಾವೆ,
21 ಮಾರ್ಚ್ 2004

ಎಲೈ ಹೊರೆಯಾಳೇ,

ನಿನ್ನ ತಾತ ನನ್ನ ತಾತನ ದಂತದ ಹೊರೆಯನ್ನು ತಲೆಯ ಮೇಲಿಟ್ಟುಕೊಂಡು ತಬೋರಾದಿಂದ ಸಮುದ್ರದವರೆಗೆ ನಡೆದು ಬಂದ. ಬಂದು, ಉಪ್ಪು ನೀರು ಕುಡಿದು, ಇದ್ಯಾರು ಹಾಳು ಮಾಡಿದ್ದು ಎಂದು ಕೇಳಿದ. ಅವನ ಮೊಮ್ಮಗ ಒಂದು ಸಹಿಯ ಭಾರ ಹೊರಲಾರ! ನೀವು ನ್ಯಾಮ್ವೆಝಿ ಕುಲದವರು ಇಷ್ಟು ಕ್ಷೀಣಿಸಿದ್ದೀರೆಂದು ನನಗೆ ಗೊತ್ತಿರಲಿಲ್ಲ.

ಸುತ್ತೋಲೆ ಓದಿದೆ. ಪೂರ್ತಿ. ಎಚ್ಚರದಲ್ಲೇ. ಮಾರು ಮಾರಾಯ, ಸಾಕು. ಬೆಲೆ ಕಡಿಮೆಯಂತೆ! ನಿನ್ನ ಗುಡ್ಡದಲ್ಲಿ ಚಿನ್ನವಿದೆಯೋ ಒಣಗೆಣಸಿದೆಯೋ ಯಾರು ಕಂಡಿದ್ದಾರೆ?

ನನಗೆ ಹಣ ಬೇಕು. ಬಲಗಾಲಿನ ಹೆಬ್ಬೆರಳು ನೀವು ಅಟ್ಟದ ಮೇಲೆ ಒಣಗಿಸಿಟ್ಟು ವರ್ಷವೆಲ್ಲ ತಿನ್ನುವ ಗೆಣಸಿನ ಚೂರಿನ ಹಾಗೆ ಕಪ್ಪಾಗಿ ಮುದುಡಿದೆ. ಸಕ್ಕರೆ ಕಾಯಿಲೆಯಂತೆ. ನೀನು ಇಷ್ಟು ವರ್ಷ ಕಳಿಸಿದ ಜೇನಿನ ಕರಾಮತ್ತು. ಕಾಲಿಗೆ ರಕ್ತ ಹರಿಯುವ ದಾರಿ ಕಟ್ಟಿಕೊಂಡಿದೆ, ಬಿಡಿಸಬೇಕು ಎಂದು ಡಾಕ್ಟರು ಚಾಕು ಮಸೆಯುತ್ತಾ ಕೂತಿದ್ದಾನೆ. ಮುಂಗಡ ಕಟ್ಟದೆ ಅವನು ಮುಟ್ಟುವುದಿಲ್ಲ. ಅವನ ಮುಖ ನೋಡಿದರೆ ಆಡಿನ ಕಾಲಿನ ಸೂಪಿನ ಆಸೆ ಇರುವವನ ಹಾಗೆ ಕಾಣುತ್ತಾನೆ. ನೀನು ಸಹಿ ಮಾಡದಿದ್ದರೆ ಕಾಲನ್ನು ಗೋಣಿಯಲ್ಲಿ ಕಟ್ಟಿ ಬುಕೆನೆ ನಿಲ್ದಾಣಕ್ಕೆ ಕಳಿಸುತ್ತೇನೆ. ತಲೆಯ ಮೇಲೆ ಇಟ್ಟುಕೊಂಡು ಮನೆಗೆ ಹೋಗು. ವಂಶದ ಕಸುಬು ಮರೆತಿರಲಾರೆ.

ಮಗಳು ಮ್ವನಾಹವಾ ಹೇಳಿದಳು, ಹೊರೆಯಾಳು ದೊಡ್ಡಪ್ಪನಿಗೆ ಸಲಾಮು, ಗೇರುಬೀಜ ಬೇಕಾದರೆ ಬಂದು ತೋಟದ ಕಳೆ ಕೀಳಲಿ ಎಂದು.

ಕೊಂಡೋ ಮ್ವಿನ್‌ಶೆಹೆ


ಬುಕೆನೆ,
8 ಏಪ್ರಿಲ್ 2004

ಏಡಿ ತಿನ್ನುವವನೇ,

ಕಾಲು ಕಳಿಸು. ಕಾಯುತ್ತಿದ್ದೇನೆ. ಕರಾವಳಿಯ ಕಾಲಿನಲ್ಲಿ ಮಾಂಸವೆಲ್ಲಿ, ನೆರಳಿನಲ್ಲಿ ಚಾಪೆಯ ಮೇಲೆ ಮಲಗಿ ಮಲಗಿ ಸವೆದದ್ದು. ಆದರೂ ನಾಯಿಗೆ ಆದೀತು.

ನಿನ್ನ ಪತ್ರವನ್ನು ಸಭೆಗೆ ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಸಭೆ ಶುರುವಾಗುವುದು ತಡವಾಯಿತು. ಮುದುಕ ಗಾಸಾ, ಗಾರ್ಡ್ ಆಗಿದ್ದನಲ್ಲ, ಅದನ್ನು ಕಿತ್ತುಕೊಂಡು ಗಟ್ಟಿಯಾಗಿ ಓದತೊಡಗಿದ. ಬೆಂಚಿಗೆ ಬೆಂಚೇ ನಕ್ಕು ಅಲ್ಲಾಡಿತು. ಕಂಪನಿಯ ಪರವಾಗಿ ಬಂದಿದ್ದ ವಕೀಲೆ, ಅನೇತ್ ಎಂಬ ಹುಡುಗಿ, ಉತ್ತರದ ಬೆಟ್ಟದ ಕಡೆಯವಳು, ಕಣ್ಣು ಅಗಲಿಸಿ ಕೇಳಿದಳು.

"ಇದೇನು ತಾತ, ಹೀಗಾ ಬೈಯೋದು? ದೂರು ಕೊಡ್ಬೋದು ನೀವು."

"ದೂರಾ?" ಗಾಸಾ ಕಣ್ಣೀರು ಒರೆಸಿಕೊಂಡ. "ಅವ್ನು ಝರಾಮೋ ಕಣಮ್ಮಾ, ನಮ್ಗೆ ಮ್ತಾನಿ. ಅವರ ಕುಲ ನಮ್ಮನ್ನ ಬೈಬೇಕು, ನಾವು ಅವರನ್ನ ಬೈಬೇಕು, ತಾತನ ಕಾಲದಿಂದ ಇರೋದು. ನಮ್ಮನೆ ಕೋಳಿ ಹಿಡ್ಕೊಂಡ್ ಹೋದ್ರೂ ಕೇಳೋ ಹಾಗಿಲ್ಲ. ಅವ್ನು ಬೈದ್ರೆ ಕ್ಷೇಮವಾಗಿದಾನೆ ಅಂತ. ಮರ್ಯಾದೆ ಕೊಟ್ಟು ಮಾತಾಡಿದ್ರೆ ಆಗ ಹೆದರ್ಕೋಬೇಕು."

"ತಲೆ ಬುಡ ಗೊತ್ತಾಗಲ್ಲಪ್ಪ ನಿಮ್ದು," ಎಂದು ಅವಳು ಕಾಗದ ಜೋಡಿಸಿಕೊಳ್ಳಲು ಹೋದಳು.

ಆಮೇಲೆ ಗಾಸಾನೇ ಎದ್ದು, "ತೀರ್ಪು ಯಾವಾಗ ಬರುತ್ತಮ್ಮಾ?" ಎಂದು ಕೇಳಿದ.

"ಹೇಳಕ್ಕಾಗಲ್ಲ ತಾತ."

"ಗಾಡಿ ತಡ ಆದ್ರೆ ನಾವು ಹಲಗೆ ಮೇಲೆ ಬರೀತಿದ್ವಿ, ಎಷ್ಟು ಗಂಟೆ ತಡ ಅಂತ. ಸುಳ್ಳಾದ್ರೂ ಸರಿ ಬರೀತಿದ್ವಿ, ಜನ ಟೀನಾದ್ರೂ ಕುಡ್ಕೊಂಡ್ ಬರ್ಲಿ ಅಂತ. ನೀವೂ ಒಂದು ಹಲಗೆ ಹಾಕ್ರಮ್ಮಾ."

ಮತ್ತೆ ನಗು. ಅವಳೂ ನಕ್ಕಳು, ಪಾಪ. ಗೋಡೆಗೆ ನಕ್ಷೆ ತೂಗುಹಾಕಿದ್ದರು. ಎಲ್ಲರೂ ಬೆಲೆಯನ್ನು ಕೇಳುತ್ತಿದ್ದಾಗ ನಾನು ಹತ್ತಿರ ಹೋಗಿ, ಗಣಿಯ ಗುಂಡಿ ಎಲ್ಲಿ ಬರುತ್ತದೆಂದು ಕೇಳಿದೆ. ಮೊದಲಿನ ನಕ್ಷೆಯಲ್ಲಿ ಅದು ಪಶ್ಚಿಮದ ಮಗ್ಗುಲಲ್ಲಿತ್ತು, ನಿನಗೆ ನೆನಪಿರಬಹುದು. ಈಗ ಪೂರ್ವಕ್ಕೆ ಬಂದಿದೆ.

"ಅಲ್ಲೊಂದು ಹುಣಿಸೆಮರ ಇದೆ," ಎಂದೆ.

"ಮರಕ್ಕೆ ಪರಿಹಾರ ಇದೆ ತಾತ. ಮರ, ಬಾವಿ, ಗುಡಿಸಲು, ಸಮಾಧಿ, ಎಲ್ಲಕ್ಕೂ ಇದೆ. ಸಮಾಧೀನ ಮರ್ಯಾದೆಯಿಂದ ಬೇರೆ ಕಡೆ ಸಾಗಿಸಿ ಕೊಡ್ತಾರೆ."

ಒಳ್ಳೆಯ ಹುಡುಗಿ. ಇಂಗ್ಲಿಷಿನಲ್ಲಿ ಹೇಳುವುದನ್ನೂ ಸ್ವಾಹಿಲಿಯಲ್ಲಿ ಹೇಳುವುದನ್ನೂ ಒಂದೇ ದನಿಯಲ್ಲಿ ಹೇಳುತ್ತಾಳೆ.

ಕೊನೆಗೆ ಯಾರೋ, "ಲುಹೆಂದೆ ಏನಂತಾನೆ, ಕೇಳ್ರೋ," ಎಂದರು. ಎದ್ದು ನಿಂತೆ. "ಕಾಯೋಣ," ಎಂದೆ. "ತೀರ್ಪು ಬಂದ್ರೆ ಮೂರು ಪಟ್ಟು ಸಿಗುತ್ತೆ." ಮೂರು ಪಟ್ಟೆಂದು ನನಗೆ ಯಾರು ಹೇಳಿದರೆಂದು ಕೇಳಬೇಡ. ಯಾರೂ ಸಹಿ ಮಾಡಲಿಲ್ಲ. ಬಸ್ಸಿನಲ್ಲಿ ಬರುವಾಗ ಗಾಸಾ ನನ್ನ ಪಕ್ಕದಲ್ಲೇ ಕೂತಿದ್ದ, ಬುಕೆನೆಯವರೆಗೂ ಒಂದು ಮಾತಾಡಲಿಲ್ಲ. ಅವನಿಗೆ ಬಸ್ಸು ಆಗುವುದಿಲ್ಲ, ರೈಲೇ ಆಗಬೇಕು.

ಈ ವರ್ಷ ಮಾವು ಕಡಿಮೆ. ಬಂದ ಹಣ್ಣೂ ಸಪ್ಪೆ. ನಿದ್ದೆ ಸರಿಯಾಗಿ ಬರುತ್ತಿಲ್ಲ, ಮುಂಜಾನೆಯ ಗೂಡ್ಸ್ ಬರುವ ಮೊದಲೇ ಎಚ್ಚರವಾಗಿ ಹಸಿರು ಬಾವುಟ ಹುಡುಕುತ್ತೇನೆ. ನಿವೃತ್ತನಾಗಿ ಇಷ್ಟು ವರ್ಷವಾಯಿತು, ಕೈ ಇನ್ನೂ ಹುಡುಕುತ್ತದೆ. ಇವತ್ತು ಎರಡು ಸಲ ಗುಡ್ಡಕ್ಕೆ ಹೋದೆ. ಆಸ್ತಿ ಕಾಯಬೇಕಲ್ಲ.

ಯೋನಾ


ಕಿಸರಾವೆ,
30 ಏಪ್ರಿಲ್ 2004

ಹೊರೆಯಾಳೇ,

ಮಳೆ ಹಿಡಿದಿದೆ. ಹೆಬ್ಬೆರಳು ಹೋಯಿತು. ಹಿತ್ತಿಲ ಹಲಸಿನ ಬುಡದಲ್ಲಿ ಹೂತೆವು. ಫಲ ಬಂದರೆ ನಿನಗೊಂದು ಹಣ್ಣು ಕಳಿಸುತ್ತೇನೆ, ತಿಂದು ನೋಡು. ಉಳಿದ ಬೆರಳುಗಳೂ ಅದರ ಹಿಂದೆ ಹೊರಟಿವೆ, ನಿಮ್ಮವರು ತಲೆ ತಗ್ಗಿಸಿ ಒಬ್ಬರ ಹಿಂದೆ ಒಬ್ಬರು ಹೊರೆ ಹೊತ್ತು ನಡೆಯುವ ಹಾಗೆ. ಮುಂದಾಳು ಮಾತ್ರ ಹೋಗಿದ್ದಾನೆ, ಸಾಲು ಇನ್ನೂ ದೊಡ್ಡದಿದೆ.

ಸಹಿ ಮಾಡಿದ ಕಾಗದ ಯಾವಾಗ ಕಳಿಸುತ್ತೀಯ? ಈ ಸಲ ನಿಜವಾಗಿ ಕೇಳುತ್ತಿದ್ದೇನೆ.

ನಿಜವಾಗಿ ಎಂದೆನೇ? ಅಲ್ಲಾಹು, ನ್ಯಾಮ್ವೆಝಿಯೊಬ್ಬನ ಹತ್ತಿರ ಕೈ ಚಾಚುವ ಕಾಲ ಬಂತು ಝರಾಮೋಗಳಿಗೆ! ನಮ್ಮ ಹಿರಿಯರು ಗೋರಿಯಲ್ಲೇ ಮಗ್ಗುಲು ಬದಲಿಸಿರಬೇಕು.

ಮೂರು ಪಟ್ಟಿನ ಕಥೆ ನನಗೆ ಹೇಳಬೇಡ. ಕಾಲೇಜಿನಲ್ಲಿ ನಿನಗೆ ಗಣಿತ ಹೇಳಿಕೊಟ್ಟವನು ನಾನು.

ಕೊಂಡೋ


ಬುಕೆನೆ,
16 ಮೇ 2004

ಕೊಂಡೋ,

ನಿನ್ನ ಬೆರಳಿನ ಕಥೆ ಸಾಕು. ಮೊದಲನೆಯ ಸಲ ನಕ್ಕೆ, ಎರಡನೆಯ ಸಲವೂ ನಕ್ಕೆ. ಇನ್ನೂ ನಾಲ್ಕು ಬೆರಳಿಗೆ ನಾಲ್ಕು ಪತ್ರ ಬರೆಯುತ್ತೀಯೇನು? ಆ ಬೆರಳನ್ನು ಹಲಸಿನ ಬುಡದಿಂದ ಅಗೆದು ಕಳಿಸು, ಷೇರು ಪತ್ರದ ಜೊತೆ ಪೆಟ್ಟಿಗೆಯಲ್ಲಿಡುತ್ತೇನೆ. ಮಗಳ ಮದುವೆಗೆ ಹಣ ಬೇಕಾಗಿದ್ದರೆ ಮದುವೆಗೆಂದು ಹೇಳು. ಬೇಸಾಯದವರು ನಾವು, ಮದುವೆಯ ಖರ್ಚು ನಮಗೂ ಗೊತ್ತು.

ಎಲ್ಲರಿಗೂ ಅವಸರ. ಕಂಪನಿಯವರು ಬಂದು ಹುಣಿಸೆಮರಕ್ಕೆ ಬಿಳಿ ಬಣ್ಣದ ಪಟ್ಟಿ ಬಳಿದು ಹೋಗಿದ್ದಾರೆ. ಇನ್ನೂ ಸಹಿಯೇ ಬಿದ್ದಿಲ್ಲ, ಬಣ್ಣ ಬಳಿಯುತ್ತಾರೆ! ಒದ್ದೆ ಬಟ್ಟೆ ತೆಗೆದುಕೊಂಡು ಹೋಗಿ ಉಜ್ಜಿದೆ. ಹೋಗಲಿಲ್ಲ. ಅಂಗಿಗೆ ಹತ್ತಿತು.

ನಾನು ಸಹಿ ಮಾಡುವುದಿಲ್ಲ. ಕಾರಣ ಹೇಳಿದ್ದೇನೆ, ಬೆಲೆ ಕಡಿಮೆ. ನಿನಗೆ ಇದ್ದಕ್ಕಿದ್ದ ಹಾಗೆ ಇಷ್ಟು ಅವಸರ ಎಲ್ಲಿಂದ ಬಂತು? ಬರಬೇಕಾಗಿದ್ದ ದಿನ ನೀನು ಬರಲಿಲ್ಲ, ನಾನು ಕಾದೆ. ಈಗ ನೀನು ಕಾಯಿ.

ಮೇಲಿನ ಸಾಲು ಹೊಡೆದುಹಾಕಬೇಕೆಂದಿದ್ದೆ. ಇನ್ನೊಂದು ಹಾಳೆ ಇಲ್ಲ. ಇರಲಿ.

ಯೋನಾ


ಕಿಸರಾವೆ,
3 ಜೂನ್ 2004

ಮಾನ್ಯ ಶ್ರೀ ಯೋನಾ ಲುಹೆಂದೆ ಅವರಿಗೆ,

ಸಲಾಮುಗಳು. ತಾವು ಆರೋಗ್ಯದಿಂದಿರುವಿರೆಂದು ನಂಬಿದ್ದೇನೆ.

ತಮ್ಮ ಪತ್ರ ತಲುಪಿತು. ಷೇರಿನ ವಿಷಯದಲ್ಲಿ ತಾವು ತೆಗೆದುಕೊಳ್ಳುವ ತೀರ್ಮಾನ ಯಾವುದೇ ಇರಲಿ, ನನ್ನ ಒಪ್ಪಿಗೆಯಿದೆ. ನನ್ನ ಭಾಗದ ಸಹಿ ಹಾಕಿದ ಕಾಗದವನ್ನು ಇದರೊಂದಿಗೆ ಇಟ್ಟಿದ್ದೇನೆ. ಉಪಯೋಗಿಸುವುದೂ ಬಿಡುವುದೂ ತಮಗೆ ಸೇರಿದ್ದು. ಮುಂದೆ ಈ ಬಗ್ಗೆ ತಮಗೆ ತೊಂದರೆ ಕೊಡುವುದಿಲ್ಲ.

ತಮ್ಮ ಪತ್ನಿಯವರು ತೀರಿಕೊಂಡಾಗ ಬರಲಾಗಲಿಲ್ಲ. ಕಿಲೋಸಾದ ಹತ್ತಿರ ನೆರೆಯಲ್ಲಿ ಹಳಿ ಕೊಚ್ಚಿಹೋಗಿತ್ತು. ಮೂರು ದಿನ ಮೊರೊಗೊರೊ ನಿಲ್ದಾಣದಲ್ಲಿ ಕೂತು ಹಿಂದಿರುಗಿದೆ. ಅದಕ್ಕಾಗಿ ಕ್ಷಮೆ ಕೇಳಬೇಕೆಂದು ಬಹಳ ದಿನಗಳಿಂದ ಇತ್ತು. ಈಗ ಕೇಳುತ್ತಿದ್ದೇನೆ.

ಅಕ್ಷರ ಸರಿಯಿಲ್ಲದಿದ್ದರೆ ಮನ್ನಿಸಬೇಕು. ಮಲಗಿಕೊಂಡು ಬರೆಯುತ್ತಿದ್ದೇನೆ. ನಾನಿರುವ ಕಡೆ ಫೋನು ಬರುವುದಿಲ್ಲ. ಅಗತ್ಯ ಬಿದ್ದರೆ ಲಕೋಟೆಯ ಹಿಂದೆ ಮಗಳ ಸಂಖ್ಯೆಯಿದೆ.

ತಮ್ಮ ವಿಧೇಯ,
ಕೊಂಡೋ ಮ್ವಿನ್‌ಶೆಹೆ


ಕಿಸುಂಡ ಗುಡ್ಡ, ಹುಣಿಸೆಮರದ ಕೆಳಗೆ,
12 ಜೂನ್ 2004

ಎಲೈ ಏಡಿಯೇ, ತೆಂಗು ಕೆರೆಯುವವನೇ, ಸೋಮಾರಿಯ ಮಗನೇ, ಸೋಮಾರಿಯ ಮೊಮ್ಮಗನೇ,

ಮಾನ್ಯ ಎಂದು ಬರೆದೆಯಾ ನನಗೆ? ತಾವು ಎಂದೆಯಾ? ಲಕೋಟೆ ಒಡೆದು ಮೊದಲ ಸಾಲು ಓದಿದವನು ಹೊಸ್ತಿಲ ಮೇಲೆ ಕೂತುಬಿಟ್ಟೆ. ನಲವತ್ತು ವರ್ಷದಲ್ಲಿ ನೀನು ನನ್ನನ್ನು ಕತ್ತೆ ಎಂದಿದ್ದೀಯ, ಗೂನು ಬೆನ್ನಿನವನೇ ಎಂದಿದ್ದೀಯ, ನನ್ನ ಮದುವೆಯಲ್ಲಿ ನನ್ನ ಮಾವನ ಎದುರಿಗೆ ಈ ವರನ ಬೆಲೆ ಒಂದು ಮೂಟೆ ಉಪ್ಪು ಎಂದಿದ್ದೀಯ. ಒಂದು ದಿನವೂ ನನಗೆ ಹೆದರಿಕೆಯಾಗಿರಲಿಲ್ಲ.

ಮೊನ್ನೆಯೇ ನ್ಜೆಗಾಕ್ಕೆ ಹೋಗಿ ಫೋನು ಮಾಡಿದೆ. ಮ್ವನಾಹವಾ ಎತ್ತಿದಳು.

"ಯಾರು?"

"ನಾನಮ್ಮಾ, ಬುಕೆನೆ ಹೊರೆಯಾಳು."

ಹುಡುಗಿ ನಗಲಿಲ್ಲ. "ದೊಡ್ಡಪ್ಪಾ, ಅಪ್ಪ ಆಸ್ಪತ್ರೇಲಿದಾರೆ."

"ಹಂಗಾದ್ರೆ ನಿಜವಾಗ್ಲೂ ಕಾಲು..."

"ಏನ್ ದೊಡ್ಡಪ್ಪಾ ಹೀಗ್ ಕೇಳ್ತೀರಿ? ಮಾರ್ಚಿನಲ್ಲೇ ಬರೆದಿದ್ರಲ್ಲ ನಿಮ್ಗೆ. ನಾನೇ ಅಂಚೆಗೆ ಹಾಕಿದ್ದು."

"ಬರೆದಿದ್ದ. ನಾನು ನಕ್ಕೆ ಕಣಮ್ಮಾ. ಊರಿಗೆಲ್ಲ ಓದಿಸಿ ನಗಿಸಿದೆ."

"ಅಪ್ಪಾನೂ ನಕ್ಕೊಂಡೇ ಬರೆದ್ರು," ಎಂದಳು. "ಸರಿಯಾಗಿ ಬಿಡಿಸಿ ಬರೀರಿ ಅಂತ ನಾನೇ ಬೈದೆ. ಮ್ತಾನಿ ಹತ್ರ ಅಳ್ತಾ ಕೇಳೋದುಂಟಾ, ಅವ್ನಿಗೆ ಅರ್ಥ ಆಗುತ್ತೆ ಅಂದ್ರು."

ಆಗಲಿಲ್ಲ ಕೊಂಡೋ. ಇಬ್ಬರೂ ಒಂದೇ ಕಾಲೇಜಿನಲ್ಲಿ ಓದಿ, ಒಂದೇ ಹಳಿಯ ಎರಡು ತುದಿಯಲ್ಲಿ ಬದುಕಿ, ಅಷ್ಟೂ ಆಗಲಿಲ್ಲ. ಎದುರಿಗಿದ್ದಿದ್ದರೆ ನೀನು ಬೈಯುವಾಗ ಕಾಲು ಎಳೆಯುವುದು ಕಾಣುತ್ತಿತ್ತು. ಕಾಗದದಲ್ಲಿ ಕಾಲು ಕಾಣುವುದಿಲ್ಲ.

ಪಾದ ಉಳಿಯುವುದಿಲ್ಲ, ಬೇಗ ಶಸ್ತ್ರಕ್ರಿಯೆಯಾದರೆ ಮೊಣಕಾಲು ಉಳಿದೀತು ಎಂದು ಡಾಕ್ಟರು ಹೇಳಿದ್ದಾರಂತೆ. ಕಂಪನಿಯ ಹಣ ಬರುವುದು ತಡ. ಅದಕ್ಕೇ ಕೆಂಪು ಎತ್ತಿನ ಜೋಡಿಯನ್ನು ಮಾರಿ ಹಣವನ್ನು ಗಾಸಾನ ಮಗನ ಕೈಯಲ್ಲಿ ಕಳಿಸಿದ್ದೇನೆ. ಅಪ್ಪನ ಹಾಗೇ ಗಾರ್ಡ್ ಅವನು, ನಿನ್ನೆಯ ಗಾಡಿಯಲ್ಲೇ ಹೊರಟ. ಈ ಪತ್ರಕ್ಕಿಂತ ಮೊದಲೇ ಮ್ವನಾಹವಾಳ ಕೈ ಸೇರಿರುತ್ತದೆ. ಸಾಲ ಎಂದು ಅಂದುಕೊಂಡೆಯೋ, ಬಂದು ಇನ್ನೊಂದು ಕಾಲನ್ನೂ ಮುರಿಯುತ್ತೇನೆ. ನನ್ನ ಅಂಗಳಕ್ಕೆ ಬಂದು ಕೇಳದೆ ಕೋಳಿ ಹಿಡಿದುಕೊಂಡು ಹೋಗುವ ಹಕ್ಕಿರುವವನು ನೀನು. ಕೋಳಿಗಿಂತ ಎತ್ತು ಸ್ವಲ್ಪ ದೊಡ್ಡದು, ಅಷ್ಟೇ.

ಈಗ ನನ್ನ ಮಾತು. ಬೆಲೆ ಕಡಿಮೆಯೆಂದದ್ದು ಸುಳ್ಳು. ಗುಂಡಿಯ ಗೆರೆ ಈ ಹುಣಿಸೆಮರದ ಮೇಲೆ ಹಾದುಹೋಗಿದೆ, ನ್ಯಾಮಿಝಿಯ ಮೇಲೆ. ರಾಜಿಯಾದರೆ ಅವಳನ್ನು ಎತ್ತುತ್ತಾರೆ. ಮೊಕದ್ದಮೆ ಮುಗಿಯದಿರಲಿ, ವಕೀಲರು ನೂರು ವರ್ಷ ಬಾಳಲಿ ಎಂದು ಚರ್ಚಿನಲ್ಲಿ ಮನಸ್ಸಿನೊಳಗೇ ಬೇಡಿಕೊಂಡ ಷೇರುದಾರ ನಾನೊಬ್ಬನೇ ಇರಬೇಕು. ನಿನಗೆ ಬರೆಯಲಿಲ್ಲ. ಬರೆದಿದ್ದರೆ ನೀನು ಹಾಸ್ಯ ಮಾಡಬೇಕಾಗುತ್ತಿತ್ತು, ಅದು ನಿನ್ನ ಕರ್ತವ್ಯ. ಅದನ್ನು ಓದುವ ಶಕ್ತಿ ನನಗಿರಲಿಲ್ಲ.

ನಿನ್ನೆ ಗಾಸಾನ ಮನೆಗೆ ಹೋಗಿ ಹೇಳಿದೆ, "ಮೂರು ಪಟ್ಟು ಅನ್ನೋದು ನಾನೇ ಕಟ್ಟಿದ್ದು. ಎಲ್ರಿಗೂ ಹೇಳ್ಬಿಡು, ಸಹಿ ಮಾಡ್ಲಿ."

ಅವನು ಕಡಲೆಕಾಯಿ ಸುಲಿಯುತ್ತಿದ್ದ. ತಲೆ ಎತ್ತಲಿಲ್ಲ. "ಗೊತ್ತಿತ್ತು ಮಾರಾಯ."

"ಗೊತ್ತಿತ್ತಾ?"

"ನಕ್ಷೆ ನಮಗೂ ಕಾಣುತ್ತಲ್ಲ. ಅದಕ್ಕೇನು ಇಂಗ್ಲಿಷ್ ಬೇಕಾ? ನ್ಯಾಮಿಝಿ ಎಲ್ಲಿ ಮಲಗಿದಾಳೆ ಅಂತ ಊರಿಗೆಲ್ಲ ಗೊತ್ತು. ನೀನೇ ಬಾಯ್ಬಿಡ್ಲಿ ಅಂತ ಸುಮ್ನಿದ್ವಿ."

"ಜೂನ್ ಮುಗಿದುಹೋಗಿದ್ರೆ?"

"ಹೋದ್ರೆ ಹೋಗ್ತಿತ್ತು. ತಿನ್ನು," ಎಂದು ಕಡಲೆಕಾಯಿ ಮುಂದೆ ತಳ್ಳಿದ.

ಎಲ್ಲರಿಗೂ ಹಣ ಬೇಕಾಗಿತ್ತು ಕೊಂಡೋ. ಗಾಸಾನ ಮನೆಯ ತಗಡು ಸೋರುತ್ತದೆ. ನನಗೋಸ್ಕರ ಮೂರು ಪಟ್ಟನ್ನು ನಂಬಿದ ಹಾಗೆ ನಟಿಸಿದರು.

ನಿನ್ನ ಕ್ಷಮೆಯ ಸಾಲನ್ನು ಹೊಡೆದುಹಾಕಿದ್ದೇನೆ. ಮ್ತಾನಿ ಕ್ಷಮೆ ಕೇಳುವುದಿಲ್ಲ. ಆದರೆ ಆ ದಿನ ನೀನು ಬರದಿದ್ದದ್ದು ಹೇಗಿತ್ತೆಂದು ಹೇಳುತ್ತೇನೆ, ಯಾರಿಗೂ ಹೇಳಿಲ್ಲ. ಎಲ್ಲರೂ ಅತ್ತರು. ಪಾದ್ರಿ ಓದಬೇಕಾದ್ದನ್ನು ಓದಿದ. ಸತ್ತವರ ವೇಷ ಹಾಕಿ ಸಾವಿನ ಮನೆಯನ್ನು ನಗಿಸಬೇಕಾದ ಮ್ತಾನಿ ಮಾತ್ರ ಇರಲಿಲ್ಲ. ಅವಳು ಉಡುತ್ತಿದ್ದ ಕಾಂಗಾ ಬಟ್ಟೆ ಹೊದ್ದು, ಅವಳ ಹಾಗೇ ಸೊಂಟಕ್ಕೆ ಕೈಯಿಟ್ಟು ನನ್ನನ್ನು ಗದರಿಸುವವರು ಯಾರೂ ಇರಲಿಲ್ಲ. ಗುಂಡಿಯೊಳಗೆ ಹಾರಿ ಮಲಗಿ, ಬಾಡಿಗೆ ಕೊಡದೆ ಏಳುವುದಿಲ್ಲ ಎಂದು ಹಟ ಹಿಡಿಯುವವರಿರಲಿಲ್ಲ. ನಿನಗೆಂದು ಚಿಲ್ಲರೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. ಮಣ್ಣು ಮುಚ್ಚಿದ ಮೇಲೆ ನೋಡಿದರೆ ಇನ್ನೂ ಮುಷ್ಟಿಯಲ್ಲೇ ಇತ್ತು. ಜೀವನವೆಲ್ಲ ನಗಿಸಿದವಳನ್ನು ಒಂದು ನಗುವಿಲ್ಲದೆ ಕಳಿಸಿಬಿಟ್ಟೆ. ಅದಕ್ಕೇ ದಿನಾ ಇಲ್ಲಿಗೆ ಬಂದು ಕೂರುವುದು. ಅವಳು ಇನ್ನೂ ಹೊರಟಿಲ್ಲ, ನಿಲ್ದಾಣದಲ್ಲೇ ಕೂತಿದ್ದಾಳೆ ಎನ್ನಿಸುತ್ತದೆ ನನಗೆ.

ಸಹಿ ಮಾಡಿದೆ. ಈಗಲೇ, ಇಲ್ಲೇ, ತೊಡೆಯ ಮೇಲೆ ಕಾಗದವಿಟ್ಟುಕೊಂಡು, ನಿನ್ನ ಸೊಟ್ಟ ಸಹಿಯ ಕೆಳಗೆ. 'ಇನ್ ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟ್' ಎಂದು ಮೇಲೆ ಅಚ್ಚಾಗಿದೆ. ಈ ಒಂದು ಸಾಲು ಮಾತ್ರ ನಿಘಂಟಿಲ್ಲದೆ ಅರ್ಥವಾಯಿತು.

ಸಹಿಗಳೆಲ್ಲ ಬಿದ್ದರೆ ಆಗಸ್ಟಿನಲ್ಲಿ ಸಮಾಧಿ ಸಾಗಿಸುತ್ತಾರೆ. ಚರ್ಚಿನ ಹಿಂದೆ ಜಾಗ ಕೊಟ್ಟಿದ್ದಾರೆ. ಅಷ್ಟರಲ್ಲಿ ನೀನು ಎದ್ದಿರಬೇಕು. ಹಳಿ ಚೆನ್ನಾಗಿದೆ, ವಿಚಾರಿಸಿದ್ದೇನೆ. ಅವಳ ಕಾಂಗಾ ಪೆಟ್ಟಿಗೆಯಲ್ಲಿ ಒಗೆದು ಇಟ್ಟಿದೆ. ಬಾಡಿಗೆ ಜಾಸ್ತಿ ಕೇಳು, ನಾನು ಚೌಕಾಸಿ ಮಾಡುತ್ತೇನೆ. ಅವಳನ್ನು ಚೆನ್ನಾಗಿ ಬೈಯಿ, ಎರಡು ಸಲ ಹೂಳಿಸಿಕೊಂಡ ದುಂದುಗಾರ್ತಿ ಎಂದು ಬೈಯಿ. ಕುಂಟುತ್ತಾ ಬರುವ ನಿನ್ನನ್ನು ಕಂಡರೆ ಏಡಿ ಈಗ ನೆಟ್ಟಗೆ ನಡೆಯುತ್ತಿದೆ ಎಂದು ಅವಳೇ ಮೊದಲು ನಗುತ್ತಾಳೆ.

ಒಂದೇ ಕಾಲಿನಲ್ಲಿ ಹೇಗೆ ಎಂದು ಕೇಳಬೇಡ. ಗುಂಡಿಗೆ ಇಳಿಯಲು ಒಂದು ಕಾಲು ಸಾಕು. ಮೇಲಕ್ಕೆ ಹೊತ್ತು ತರುವುದಕ್ಕೆ ಹೊರೆಯಾಳು ಇದ್ದಾನಲ್ಲ.

ಇನ್ನೂ ಏನೋ ಬರೆಯಬೇಕೆಂದಿದ್ದೆ, ಗುಡ್ಡದ ನೆರಳು ಮೊಣಕಾಲಿನವರೆಗೆ ಬಂದಿದೆ. ಮರದ ಬಿಳಿ ಪಟ್ಟಿಯೊಂದೇ ಕಾಣುತ್ತಿದೆ. ಬೆಳಕು ಹೋಗುತ್ತಿದೆ ಕೊಂಡೋ